ಯುಡಿಆರ್ ಅಂದ್ರೇನು, ಆ ದಿನ ಮನೆಯೋರ ಜೊತೆ ಯಾರು ಹೋಗ್ಬೇಕು

ಪೇಪರಲ್ಲಿ "ಠಾಣೆಯಲ್ಲಿ ಯುಡಿಆರ್ ದಾಖಲಾಗಿದೆ" ಅಂತ ಓದಿರ್ತೀರ. ಅನ್‌ನ್ಯಾಚುರಲ್ ಡೆತ್ ರಿಪೋರ್ಟ್, ಅಸಹಜ ಸಾವಿನ ವರದಿ. ಸಕಲೇಶಪುರ ಕಡೆ ಮೆಣಸು ಕೊಯ್ಯೋವಾಗ ಅಲ್ಯೂಮಿನಿಯಂ ಏಣಿ ಕರೆಂಟ್ ಲೈನಿಗೆ ತಾಗಿ ಹೋದೋರು, ಆಲೂರು ಬೇಲೂರು ಕಡೆ ಆನೆ ತುಳಿದು ಸತ್ತೋರು, ಕೃಷಿ ಹೊಂಡಕ್ಕೆ ಬಿದ್ದ ಮಕ್ಕಳು, ತಾವೇ ಜೀವ ಕಳ್ಕೊಂಡೋರು, ಸಾಮಾನ್ಯವಾಗಿ ಎಲ್ರೂ ಮೊದಲು ಬರೋದು ಈ ಫೈಲಿಗೇ. ಕಾನೂನಲ್ಲಿ ಹಿಂದೆ ಇದನ್ನ ಸಿಆರ್‌ಪಿಸಿ (ಹಳೇ ಕ್ರಿಮಿನಲ್ ಪ್ರಕ್ರಿಯೆ ಕಾಯ್ದೆ) ಸೆಕ್ಷನ್ 174 ಅಂತಿದ್ರು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರೋ ಬಿಎನ್‌ಎಸ್‌ಎಸ್ ಸೆಕ್ಷನ್ 194. ಸಾವು ಹೇಗಾಯ್ತು ಅಂತ ನೋಡೋ ವಿಚಾರಣೆ ಅಷ್ಟೇ, ಇದರಲ್ಲಿ ಯಾರೂ ಆರೋಪಿ ಇರಲ್ಲ. ಬೇರೆಯೋರ ತಪ್ಪು ಕಂಡ್ರೆ ಎಫ್‌ಐಆರ್ ಆಗತ್ತೆ, 2025ರ ಸೆಪ್ಟೆಂಬರಲ್ಲಿ ಹಾಸನದ ಮೊಸಳೆಹೊಸಹಳ್ಳಿ ಗಣಪತಿ ಮೆರವಣಿಗೆಗೆ ಲಾರಿ ನುಗ್ಗಿತಲ್ಲ, ಅಂಥದ್ದು.

ಊರಲ್ಲಿ ಇದನ್ನ ಹಾಗೆ ತಗೊಳ್ಳಲ್ಲ. ಪೊಲೀಸ್ ಜೀಪ್ ಬಂತು ಅಂದ್ರೆ "ಏನೋ ಇದೆ ಕಣೋ" ಅಂತ ಶುರು, ಮನೆಯೋರಿಗೆ ಹೋದ ಜೀವದ ದುಃಖ ಒಂದ್ಕಡೆ, ಈ ಮಾತು ಇನ್ನೊಂದ್ಕಡೆ. ಅದಕ್ಕೇ ಸ್ಟೇಷನ್ನಿಗೆ ಒಬ್ಬರು ಜೊತೆಗಿರ್ಬೇಕು ಅನ್ನೋದು. ಭಾವ, ಚಿಕ್ಕಪ್ಪ, ಪಂಚಾಯ್ತಿ ಮೆಂಬರು, ಯಾರಾದ್ರೂ ಸರಿ, ಸಮಾಧಾನವಾಗಿ ಓದೋರಾಗಿರ್ಲಿ.

ಯಾಕೆ ಓದೋರು ಅಂದ್ರೆ, ದೂರು ಕೊಡೋದು ಮನೆಯೋರು, ಬರ್ಕೊಡೋದು ಬಹಳ ಸಲ ಸ್ಟೇಷನ್ನಲ್ಲಿರೋ ರೈಟರ್ರು. ಕೊನೆಗೆ "ಸಾವಿನಲ್ಲಿ ಯಾವುದೇ ಅನುಮಾನ ಇರುವುದಿಲ್ಲ" ಅನ್ನೋ ಸಾಲು ಬಂದ್ಬಿಟ್ಟಿರತ್ತೆ. ಗಂಡನ್ನ ಕಳ್ಕೊಂಡು ಎರಡು ಗಂಟೆ ಆಗಿಲ್ಲ, ಆಯಮ್ಮ ಏನು ಓದಿ ಸೈನ್ ಹಾಕ್ತಾರೆ ಹೇಳಿ. ಅನುಮಾನ ಇದ್ರೆ ಆಗ್ಲೇ ಬರೆಸ್ಬೇಕು, ಹೆಸರು ವಯಸ್ಸು ಆಧಾರಲ್ಲಿರೋ ಹಾಗೇ ಇರ್ಬೇಕು, ಒಂದಕ್ಷರ ತಪ್ಪಿದ್ರೆ ಮುಂದೆ ಇನ್ಶೂರೆನ್ಸಿಗೆ ಅಲೆದಾಟ. ಆಮೇಲೆ ಪಂಚರ (ಸಾಕ್ಷಿಗಳ) ಎದುರು ಪಂಚನಾಮೆ, ಅಂದ್ರೆ ಶವ ನೋಡಿ ಕಂಡಿದ್ದನ್ನ ಬರ್ಕೊಳ್ಳೋದು, ಆಮೇಲೆ ಪೋಸ್ಟ್‌ಮಾರ್ಟಮ್. ಮದ್ವೆಯಾಗಿ ಏಳು ವರ್ಷದೊಳಗಿನ ಹೆಣ್ಣುಮಗಳು ಸತ್ರೆ ತಹಶೀಲ್ದಾರ್ರು ಬರೋತನಕ ಕಾಯ್ಬೇಕಾಗತ್ತೆ.

ಮಾರ್ಚರಿ ಮುಂದೆ ಕಾಯೋದೇ ದೊಡ್ಡ ಕಷ್ಟ. ಬಾಡಿ ಯಾವಾಗ ಕೊಡ್ತಾರೆ ಅಂತ ಮನೆಯೋರೇ ಹೋಗಿ ಕೇಳೋ ಹಾಗಾಗ್ಬಾರ್ದು, ಆ ಓಡಾಟ, ಗಾಡಿ ಮಾಡೋದು, ನೆಂಟ್ರಿಗೆ ಫೋನ್ ಮಾಡೋದು ಬೇರೆಯೋರು ತಗೋಬೇಕು. ಮನೆಯೋರಿಗೆ ನೀರು ಕೊಡಿ, ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ. "ಧೈರ್ಯ ತಗೋ", "ಹಣೆಬರಹ", ಮುಖ್ಯವಾಗಿ "ನಿಮಗೆ ಮೊದಲೇ ಗೊತ್ತಾಗ್ಲಿಲ್ವಾ", ಇವು ಬೇಡ. ಆ ಕೊನೇ ಪ್ರಶ್ನೆನ ಅವರು ತಮಗೇ ಕೇಳ್ಕೊತಾ ಇರ್ತಾರೆ, ನೀವೂ ಕೇಳ್ಬೇಕಾ? ಹೋದೋರ ಹೆಸರು ಹಿಡಿದು ಮಾತಾಡಿ. ಜಾಗದ ಫೋಟೋ ವಾಟ್ಸಾಪಲ್ಲಿ ಬಿಡೋರಿಗೆ ಬೈದಾದ್ರೂ ಡಿಲೀಟ್ ಮಾಡ್ಸಿ, ಇದ್ರಲ್ಲಿ ನನಗಂತೂ ದಾಕ್ಷಿಣ್ಯ ಇಲ್ಲ.

ಇನ್ನು ಕಾಫಿ ತೋಟದ ಲೈನ್ ಮನೆಲಿರೋ ಅಸ್ಸಾಂ, ಬಂಗಾಳದ ಕೆಲಸದೋರು ಸತ್ರೆ ಕಾಯೋಕೂ ಯಾರಿರಲ್ಲ, ಭಾಷೆ ಬರೋ ಒಬ್ಬ ಜೊತೆಗಾರನ್ನ ಹುಡ್ಕಿ ಕರ್ಕೊಂಡ್ಹೋದ್ರೆ ಅದೇ ದೊಡ್ಡ ಉಪಕಾರ.

ತಿಥಿ ಮುಗಿದ್ಮೇಲೆ ಜನ ಬರೋದು ನಿಲ್ಲತ್ತೆ, ಫೈಲ್ ಮಾತ್ರ ನಡೀತಿರತ್ತೆ. ಒಳಾಂಗದ ಸ್ಯಾಂಪಲ್ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಲ್ಯಾಬಿಗೆ) ಹೋಗಿದ್ರೆ ರಿಪೋರ್ಟ್ ಬರೋಕೆ ತಿಂಗಳುಗಟ್ಟಲೆ ಆಗ್ಬೋದು, ಅದು ಬರೋತನಕ ಸಾವಿನ ಕಾರಣದ ಕಾಲಂ ತೀರ್ಮಾನ ಆಗ್ದೇ ಇರತ್ತೆ, ಮಧ್ಯದಲ್ಲಿ ಸ್ಟೇಷನ್ನಿಂದ ಹೇಳಿಕೆಗೆ ಅಂತ ಒಂದು ಫೋನ್ ಬಂದ್ರೆ ಮನೆಯೋರ ಎದೆ ಮತ್ತೆ ಧಸಕ್ ಅನ್ನತ್ತೆ. ಆಗ್ಲೂ ಜೊತೆಗೆ ಹೋಗಿ. ಸಾವಿನ ನೋಂದಣಿ 21 ದಿನದೊಳಗೆ ಮಾಡ್ಸಿ. ಬ್ಯಾಂಕ್ ಪಾಸ್‌ಬುಕ್ ತೆಗೆದು ವರ್ಷಕ್ಕೆ 20 ರೂಪಾಯಿ ಕಟ್ ಆಗಿದ್ಯಾ ನೋಡಿ, ಆಗಿದ್ರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ, ಆಕ್ಸಿಡೆಂಟಲ್ಲಿ ಸತ್ರೆ 2 ಲಕ್ಷ ಇದೆ, ಎಷ್ಟೋ ಮನೇಲಿ ಅದು ಇದೆ ಅಂತಲೇ ಗೊತ್ತಿರಲ್ಲ. ಆನೆಯಿಂದಾದ ಸಾವಿಗೆ ಪರಿಹಾರ ಫಾರೆಸ್ಟ್ ಡಿಪಾರ್ಟ್‌ಮೆಂಟಿಂದ.

ನಿದ್ದೆ ಬರ್ದೆ, ಊಟ ಸೇರ್ದೆ ವಾರಗಟ್ಟಲೆ ಹಾಗೇ ಇದ್ದಾರೆ ಅಂದ್ರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಫ್ರೀ, ರಾತ್ರಿನೂ ಇರತ್ತೆ, ಕನ್ನಡದಲ್ಲೇ ಮಾತಾಡ್ಬೋದು. ನಂಬರ್ ಬರ್ಕೊಟ್ಟು ಬರೋದಕ್ಕಿಂತ ನೀವೇ ಡಯಲ್ ಮಾಡಿ ಫೋನ್ ಅವರ ಕೈಗೆ ಕೊಡಿ.