ಗಾರೆಯ ಮೇಲೆ ಉಳಿದ ಒಲಿಸಾವ

ಕೀವ್ ನಗರದ ಸಂತ ಸೋಫಿಯಾ ಕೆಥೆಡ್ರಲ್ 11ನೇ ಶತಮಾನದ ಕಟ್ಟಡ. ಅದರ ಒಳಗೋಡೆಯ ಚಿತ್ರಗಳ ಮೇಲೆ ಭಕ್ತರು ಮೊನಚಾದ ವಸ್ತುಗಳಿಂದ ಗೀಚಿದ ನೂರಾರು ಬರಹಗಳಿವೆ. ಅವುಗಳಲ್ಲೊಂದು ಪುಟ್ಟ ಪ್ರಾರ್ಥನೆ: “ಪ್ರಭುವೇ, ನಿನ್ನ ದಾಸಿ ಒಲಿಸಾವಳಿಗೆ, ಸ್ವ್ಯಾತೊಪೋಲ್ಕನ ತಾಯಿಗೆ, ರೂಸ್ ನಾಡಿನ ಅರಸಿಗೆ ನೆರವಾಗು.” ರೂಸ್ ಎಂದರೆ ಕೀವ್ ಕೇಂದ್ರವಾಗಿದ್ದ ಅಂದಿನ ರಾಜ್ಯ.

ಇಂಥ ಗೀರು ನೇರ ಬೆಳಕಿನಲ್ಲಿ ಚಿತ್ರದ ಬಣ್ಣದೊಳಗೆ ಅಡಗಿಬಿಡುತ್ತದೆ. ದೀಪವನ್ನು ಗೋಡೆಗೆ ತಾಗಿದಂತೆ ಪಕ್ಕದಿಂದ ಹಿಡಿದರೆ ಅದರ ಅಂಚಿಗೆ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಚಿತ್ರಕ್ಕಿಂತ ಬರಹ ಹಳೆಯದಾಗಿರಲಾರದು. ಅಕ್ಷರಗಳ ತಿರುವುಗಳನ್ನು ಕಾಲ ಗೊತ್ತಿರುವ ಹಸ್ತಪ್ರತಿಗಳೊಂದಿಗೆ ಹೋಲಿಸಿದರೆ ಅದರ ಕಾಲದ ಅಂದಾಜು ಇನ್ನಷ್ಟು ನಿಖರವಾಗುತ್ತದೆ. ಉಳಿದದ್ದನ್ನು ಒಕ್ಕಣೆಯೇ ಹೇಳುತ್ತದೆ. “ನೆರವಾಗು” ಎಂಬುದು ಬದುಕಿರುವವರಿಗಾಗಿ ಮಾಡುವ ಬೇಡಿಕೆ. ಗಂಡನ ಹೆಸರಿಲ್ಲದೆ ಮಗನ ಹೆಸರಿನಿಂದಲೇ ಅವಳನ್ನು ಗುರುತಿಸಿರುವುದರಿಂದ, ಆ ಹೊತ್ತಿಗೆ ಅವಳು ವಿಧವೆಯಾಗಿದ್ದಿರಬೇಕೆಂದು ಊಹಿಸಬಹುದು. ಚರ್ಚಿನ ಗೋಡೆ ಕೊರೆಯುವುದನ್ನು ಅಂದಿನ ಧಾರ್ಮಿಕ ಕಟ್ಟಳೆ ಅಪರಾಧವೆಂದು ಎಣಿಸುತ್ತಿತ್ತು. ಆ ಅಪರಾಧವೇ ಇಂದು ನಮಗೆ ಸಾಕ್ಷಿಯಾಗಿದೆ.

ಸ್ವ್ಯಾತೊಪೋಲ್ಕ 1093ರಿಂದ 1113ರವರೆಗೆ ಕೀವ್‌ನ್ನು ಆಳಿದವನು, 1078ರಲ್ಲಿ ಯುದ್ಧದಲ್ಲಿ ಮಡಿದ ಇಜ್ಯಾಸ್ಲಾವನ ಮಗ. ಇಜ್ಯಾಸ್ಲಾವನ ಹೆಂಡತಿ ಪೋಲೆಂಡಿನ ಅರಸ ಎರಡನೇ ಮಿಯೆಷ್ಕೋನ ಮಗಳು ಗೆರ್‌ತ್ರೂದ್. ಹಾಗಾದರೆ ಒಲಿಸಾವ, ಅಂದರೆ ಎಲಿಜಬೆತ್, ಎಂಬುದು ರೂಸ್‌ನ ಆರ್ಥೊಡಾಕ್ಸ್ ಪಂಥದಲ್ಲಿ, ಅಂದರೆ ಪೂರ್ವದ ಕ್ರೈಸ್ತ ಪಂಥದಲ್ಲಿ, ಗೆರ್‌ತ್ರೂದಳಿಗಿದ್ದ ಹೆಸರಾಗಿರಬೇಕು ಎಂದು ಇತಿಹಾಸಕಾರ ವಲೆಂತಿನ್ ಯಾನಿನ್ 1960ರ ದಶಕದಲ್ಲಿ ವಾದಿಸಿದರು. ವಾದ ಸರಳವಾಗಿದೆ, ಮನಸ್ಸಿಗೂ ಒಪ್ಪುತ್ತದೆ.

ತೊಡಕು ಇಟಲಿಯ ಚಿವಿದಾಲೆಯಲ್ಲಿರುವ ಒಂದು ಪ್ರಾರ್ಥನಾ ಗ್ರಂಥದಲ್ಲಿದೆ. 10ನೇ ಶತಮಾನದಲ್ಲಿ ಟ್ರಿಯರ್‌ನ ಆರ್ಚ್‌ಬಿಷಪ್ ಎಗ್ಬರ್ಟ್‌ಗಾಗಿ ಸಿದ್ಧವಾದ ಆ ಹಸ್ತಪ್ರತಿ ಮುಂದೆ ಗೆರ್‌ತ್ರೂದಳ ಕೈಸೇರಿತು; ಅವಳು ಅದಕ್ಕೆ ಲ್ಯಾಟಿನ್‌ನಲ್ಲಿ ತನ್ನ ಪ್ರಾರ್ಥನೆಗಳನ್ನು ಸೇರಿಸಿದಳು. ಸಂತ ಪೀಟರನ ಪಾದದ ಬಳಿ ಅವಳು ಬಾಗಿರುವ ಚಿತ್ರವೂ ಅದರಲ್ಲಿದೆ. ಆ ಪ್ರಾರ್ಥನೆಗಳಲ್ಲಿ ಅವಳು ಪೀಟರ್ ಎಂಬ ಕ್ರೈಸ್ತ ಹೆಸರಿದ್ದ ಮಗ ಯಾರೊಪೋಲ್ಕನನ್ನು “ನನ್ನ ಒಬ್ಬನೇ ಮಗ” ಎಂದು ಕರೆಯುತ್ತಾಳೆ. ಒಬ್ಬನೇ ಮಗನಾದರೆ ಸ್ವ್ಯಾತೊಪೋಲ್ಕ ಯಾರ ಮಗ? ಆ ಲ್ಯಾಟಿನ್ ಪದಕ್ಕೆ “ಅತ್ಯಂತ ಪ್ರಿಯನಾದ” ಎಂಬ ಅರ್ಥವೂ ಉಂಟೆಂದು ಕೆಲವರು ಸಮಾಧಾನ ಹೇಳುತ್ತಾರೆ. ಇನ್ನು ಕೆಲವರು ಸ್ವ್ಯಾತೊಪೋಲ್ಕ ಬೇರೊಬ್ಬ ಹೆಂಗಸಿನ ಮಗನೆನ್ನುತ್ತಾರೆ.

ನನಗೆ ಎರಡನೆಯ ವಾದವೇ ಹೆಚ್ಚು ಸಹಜವೆನಿಸುತ್ತದೆ, ಏಕೆಂದರೆ ತಾಯಿಯೊಬ್ಬಳು ದೇವರ ಮುಂದೆ ಆಡಿದ ಮಾತನ್ನು ಮೊದಲು ಅದರ ನೇರ ಅರ್ಥದಲ್ಲೇ ತೆಗೆದುಕೊಳ್ಳಬೇಕು. ಹಾಗೆ ತೆಗೆದುಕೊಂಡರೆ ಗೋಡೆಯ ಮೇಲಿರುವವಳು ಗೆರ್‌ತ್ರೂದ್ ಅಲ್ಲ. ಅರಸಿಯೆಂಬ ಪದವಿಯೊಂದಿಗೆ ಬಾಳಿದ ಇನ್ನೊಬ್ಬಳು. 12ನೇ ಶತಮಾನದ ಆರಂಭದ ಒಂದು ಜನವರಿ 4ರಂದು ಅವಳು ತೀರಿಕೊಂಡದ್ದನ್ನು ಕೀವ್‌ನ ವೃತ್ತಾಂತಕಾರ ದಾಖಲಿಸಿದ್ದಾನೆ. ಆದರೆ ಅವನು ಬರೆದದ್ದು “ಸ್ವ್ಯಾತೊಪೋಲ್ಕನ ತಾಯಿ” ಎಂದಷ್ಟೇ. ಒಲಿಸಾವ ಎಂಬ ಹೆಸರು ನಮಗೆ ಸಿಕ್ಕಿದ್ದು ಗಾರೆಯ ಮೇಲಿನ ಆ ಗೀರುಗಳಿಂದ.