ಪೈಪಿನ ಮೇಲಿನ ನಾಲ್ಕಡಿ ಮಣ್ಣು

ಜೋರಾಗಿ ಹರಿಯುವ ಕಾಲುವೆಗೆ ಒಂದು ಬಿದಿರ ಕೋಲು ಇಳಿಸಿ ಗಟ್ಟಿಯಾಗಿ ಹಿಡಿದುಕೊಂಡು ನೋಡಿದ್ದೀರಾ? ನೀರು ಕೋಲನ್ನು ಸುಮ್ನೆ ಮುಂದಕ್ಕೆ ತಳ್ಳುವುದಿಲ್ಲ, ಅದುರಿಸುತ್ತದೆ. ಕೋಲಿನ ಹಿಂಬದಿಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸಣ್ಣ ಸುಳಿ ಏಳುತ್ತದೆ. ಪ್ರತಿ ಸುಳಿಯೂ ಕೋಲನ್ನು ತನ್ನ ಕಡೆ ಎಳೆಯುತ್ತದೆ. ಸ್ವಲ್ಪ ಹೊತ್ತಿಗೆ ಕೈ ಜುಮ್ಮೆನ್ನುತ್ತದೆ.

2011ರ ಬೇಸಿಗೆಯಲ್ಲಿ ಅಮೆರಿಕದ ಅಯೋವಾ ರಾಜ್ಯದ ಪಕ್ಕ, ಮಿಸ್ಸೂರಿ ನದಿಯಲ್ಲಿ ಒಂದು ಉಕ್ಕಿನ ಪೈಪಿಗೆ ಇದೇ ಆಯಿತು. ಪ್ರವಾಹದ ನೀರು ಪೈಪನ್ನು ಅದುರಿಸುತ್ತಲೇ ಹೋಯಿತು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ ಉಕ್ಕಿನಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟಿ, ಬೆಳೆದು, ಪೈಪು ಸೀಳಿತು. ಆಗಸ್ಟ್ 13ರಂದು ಕಂಪನಿಗೆ ಸೋರಿಕೆ ಗೊತ್ತಾಯಿತು. ಪೆಟ್ರೋಲಿನಂಥ ಇಂಧನ 675 ಬ್ಯಾರೆಲ್, ಅಂದರೆ ಒಂದು ಲಕ್ಷ ಲೀಟರಿಗೂ ಜಾಸ್ತಿ, ನದಿ ಪಾಲಾಗಿತ್ತು. ಒಡೆದ ತುಂಡನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಕಾರಣ ಇದೇ ಎಂದು ತಿಳಿಯಿತು: ಸುಳಿಗಳಿಂದ ಎದ್ದ ಅದುರುವಿಕೆ.

ಮಣ್ಣಿನೊಳಗೆ ಹೂತಿರುವ ಪೈಪು ಹೀಗೆ ಅದುರುವುದಿಲ್ಲ. ಅದುರಬೇಕಾದರೆ ಅದರ ಸುತ್ತಲಿನ ಮಣ್ಣು ಹೋಗಿರಬೇಕು. ಚಂಡಮಾರುತ, ನೆರೆ ಬಂದಾಗ ಪೈಪ್‌ಲೈನ್‌ಗಳಿಗೆ ಆಗುವ ಅನಾಹುತಗಳ ಕಥೆಯೆಲ್ಲ ಹೆಚ್ಚುಕಡಿಮೆ ಈ ಮಣ್ಣಿನ ಕಥೆಯೇ.

ಅಮೆರಿಕದಲ್ಲಿ ಎಣ್ಣೆ ಮತ್ತು ಗ್ಯಾಸ್ ಸಾಗಿಸುವ ಪೈಪುಗಳ ಒಟ್ಟು ಉದ್ದ 40 ಲಕ್ಷ ಕಿಲೋಮೀಟರಿಗೂ ಹೆಚ್ಚು. ಅವು ಸಾವಿರಾರು ಕಡೆ ನದಿ, ಹಳ್ಳ ದಾಟುತ್ತವೆ. ಎಣ್ಣೆ ಪೈಪು 100 ಅಡಿಗಿಂತ ಅಗಲದ ನದಿ ದಾಟುವ ಕಡೆ ಅದರ ಮೇಲೆ ಕನಿಷ್ಠ 4 ಅಡಿ ಮಣ್ಣು ಇರಬೇಕು ಎಂದು ಅಲ್ಲಿನ ನಿಯಮ ಹೇಳುತ್ತದೆ. ಬಂಡೆ ಇದ್ದರೆ ಅದಕ್ಕಿಂತ ಕಡಿಮೆ ಸಾಕು. ಆದರೆ ಈ 4 ಅಡಿ ಲೆಕ್ಕ ಪೈಪು ಹೂಳುವ ದಿನಕ್ಕೆ ಮಾತ್ರ. ಆಮೇಲೆ ಅಷ್ಟೇ ಮಣ್ಣು ಉಳಿದಿರಬೇಕು ಎಂದು ಆ ನಿಯಮದಲ್ಲಿ ಇಲ್ಲ. ನದಿ ಮಾತ್ರ ಪ್ರತಿ ಮಳೆಗಾಲಕ್ಕೂ ಒಂದು ಕಡೆ ಕೊರೆದು ಇನ್ನೊಂದು ಕಡೆ ತುಂಬುತ್ತಲೇ ಇರುತ್ತದೆ.

ಈ ಪಾಠ ಮೊದಲು ಕಲಿಸಿದ್ದು ನದಿಯಲ್ಲ, ಸಮುದ್ರ. 1989ರ ಅಕ್ಟೋಬರ್ 3ರಂದು ಟೆಕ್ಸಸ್‌ನ ಸಬೀನ್ ಪಾಸ್ ಬಳಿ ನಾರ್ಥಂಬರ್‌ಲ್ಯಾಂಡ್ ಎಂಬ ಮೀನುಗಾರಿಕೆ ಹಡಗು ತೀರದ ಹತ್ತಿರ, ಆಳವಿಲ್ಲದ ನೀರಿನಲ್ಲಿ 16 ಇಂಚಿನ ಗ್ಯಾಸ್ ಪೈಪಿಗೆ ಬಡಿಯಿತು. ಹೂತಿರಬೇಕಿದ್ದ ಪೈಪು ಸಮುದ್ರದ ತಳದಲ್ಲಿ ಬಯಲಾಗಿತ್ತು. ಗ್ಯಾಸ್ ಹೊತ್ತಿಕೊಂಡು ಹಡಗು ಉರಿಯಿತು. 14 ಜನರಲ್ಲಿ 11 ಮಂದಿ ಸತ್ತರು. ಅದಕ್ಕೆ ಎರಡು ವರ್ಷ ಮೊದಲು, 1987ರಲ್ಲಿ, ಸೀ ಚೀಫ್ ಎಂಬ ಇನ್ನೊಂದು ಹಡಗಿಗೂ ಇದೇ ಗತಿಯಾಗಿ ಇಬ್ಬರು ಹೋಗಿದ್ದರು. ಒಂದು ಸಾಲಲಿಲ್ಲ, ಎರಡು ಹಡಗು ಉರಿಯಬೇಕಾಯಿತು. 1990ರಲ್ಲಿ ಕಾನೂನು ಬಂತು: ಮೆಕ್ಸಿಕೋ ಕೊಲ್ಲಿಯ ತೀರದ ನೀರಿನಲ್ಲಿರುವ ಪೈಪುಗಳು ನಿಜಕ್ಕೂ ಮಣ್ಣಿನೊಳಗೆ ಇವೆಯೇ ಎಂದು ಕಂಪನಿಗಳು ಹುಡುಕಿ ನೋಡಬೇಕು.

ನದಿಗಳ ಸರದಿ ಬಂದದ್ದು 1994ರ ಅಕ್ಟೋಬರ್‌ನಲ್ಲಿ, ಹ್ಯೂಸ್ಟನ್ ಪಕ್ಕದ ಸ್ಯಾನ್ ಜಸಿಂಟೊ ನದಿಯಲ್ಲಿ. ಇವತ್ತು ಎಷ್ಟೋ ಕನ್ನಡದ ಮನೆಗಳಿರುವ ಊರು ಅದು. ಅಲ್ಲಿ ದಿನಗಟ್ಟಲೆ ಮಳೆ ಹೊಡೆಯಿತು. ನದಿ ದಡ ಮೀರಿತು, ಅಷ್ಟೇ ಆಗಿದ್ದರೆ ಕಥೆ ಬೇರೆ ಇರುತ್ತಿತ್ತು. ಅದು ತಿರುವು ಬಿಟ್ಟು ನೇರ ದಾರಿ ಹಿಡಿಯಿತು. ಹಿಂದೆ ಮರಳು ತೆಗೆದು ಸಡಿಲವಾಗಿದ್ದ ಕಡೆ ನುಗ್ಗಿ ಹೊಸ ಕಾಲುವೆಗಳನ್ನೇ ಕೊರೆಯಿತು. ಅವುಗಳಲ್ಲಿ ದೊಡ್ಡದರ ಅಗಲ ಸುಮಾರು 510 ಅಡಿ, ಆಳ 15 ಅಡಿ. ಆ ಜಾಗದಲ್ಲಿ ಪೈಪು ಹೂತವರಿಗೆ ಅದು ಒಣ ನೆಲವಾಗಿತ್ತು. ನದಿ ದಾಟುವ ಕಡೆ ಇರಬೇಕಾದ ಆಳ ಅಲ್ಲಿ ಬೇಕು ಎಂದು ಯಾರೂ ಯೋಚಿಸಿರಲಿಲ್ಲ.

ಅಕ್ಟೋಬರ್ 20ರ ಬೆಳಿಗ್ಗೆ ಪೆಟ್ರೋಲ್ ಸಾಗಿಸುವ 40 ಇಂಚಿನ ಪೈಪು ಒಡೆಯಿತು. ಪೆಟ್ರೋಲ್ ನೀರಿಗಿಂತ ಹಗುರ, ಅಲ್ವಾ? ಅದು ನೆರೆಯ ಮೇಲೆ ಹರಡಿತು, ಬೆಂಕಿ ಹತ್ತಿತು. ನದಿಯ ಜತೆಗೆ ಬೆಂಕಿಯೂ ಹರಿಯಿತು. ಒಟ್ಟು 8 ಪೈಪುಗಳು ಒಡೆದವು, ಇನ್ನು 29 ಪೈಪುಗಳ ಅಡಿಯ ಮಣ್ಣು ಕೊಚ್ಚಿಹೋಯಿತು. 35,000 ಬ್ಯಾರೆಲ್‌ಗೂ ಹೆಚ್ಚು, ಸುಮಾರು 55 ಲಕ್ಷ ಲೀಟರ್ ಎಣ್ಣೆ ನೀರು ಸೇರಿತು. 547 ಮಂದಿಗೆ ಸುಟ್ಟ ಗಾಯ ಅಥವಾ ಹೊಗೆಯಿಂದ ತೊಂದರೆಯಾಯಿತು. ಹೆಚ್ಚಿನವರದ್ದು ಸಣ್ಣಪುಟ್ಟ ಗಾಯ ಎಂಬುದೊಂದೇ ಸಮಾಧಾನ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿ 1996ರಲ್ಲಿ ವರದಿ ಕೊಟ್ಟಿತು. ನೆರೆ ಬರುವ ಬಯಲಿನಲ್ಲಿ ಪೈಪು ಹೇಗೆ ಹಾಕಬೇಕು ಎಂಬುದಕ್ಕೆ ಸರಿಯಾದ ಮಾನದಂಡವೇ ಇಲ್ಲ ಎಂದು ಅದು ಎತ್ತಿ ತೋರಿಸಿತು. ನೀರು ಏರುತ್ತಿದ್ದರೂ ಪೈಪುಗಳಲ್ಲಿ ಎಣ್ಣೆ ಓಡಿಸುತ್ತಲೇ ಇದ್ದ ಕಂಪನಿಗಳಿದ್ದವು ಎಂಬುದನ್ನೂ ಬರೆಯಿತು. ನನಗೆ ಈ ಎರಡನೆಯ ಮಾತೇ ಜಾಸ್ತಿ ಚುಚ್ಚುತ್ತದೆ. ಆಳ ತಪ್ಪಾಗಿ ಲೆಕ್ಕ ಹಾಕಿದ್ದು ಹಳೆಯ ತಪ್ಪು. ಕಣ್ಣೆದುರೇ ನದಿ ಉಕ್ಕುತ್ತಿರುವಾಗ ಪಂಪು ನಿಲ್ಲಿಸದೆ ಇದ್ದದ್ದು ಆ ದಿನದ ತಪ್ಪು.

ಚಂಡಮಾರುತದ ಕೆಲಸ ಇನ್ನೊಂದು ಥರ. 2005ರಲ್ಲಿ ಕತ್ರಿನಾ, ರೀಟಾ ಒಂದರ ಹಿಂದೆ ಒಂದು ಬಂದು ಹೋದ ಮೇಲೆ ಮೆಕ್ಸಿಕೋ ಕೊಲ್ಲಿಯಲ್ಲಿ ಲೆಕ್ಕ ಹಾಕಿದರೆ 457 ಪೈಪ್‌ಲೈನ್‌ಗಳಿಗೆ ಪೆಟ್ಟಾಗಿತ್ತು. ಕೆಲವು ಕಡೆ ಕಟ್ಟು ಕಿತ್ತುಕೊಂಡು ತೇಲಿಹೋದ, ಎಣ್ಣೆಗಾಗಿ ಸಮುದ್ರದ ತಳ ಕೊರೆಯುವ ವೇದಿಕೆಗಳು ತಮ್ಮ ಲಂಗರುಗಳನ್ನು ತಳದ ಮೇಲೆ ಎಳೆದಾಡಿದ್ದವು, ನೇಗಿಲು ಹೊಡೆದ ಹಾಗೆ. ಮಿಸಿಸಿಪಿ ನದಿ ತಂದು ಸುರಿದ ಮೆತ್ತನೆಯ ಕೆಸರು ಅಲೆಗಳ ಹೊಡೆತಕ್ಕೆ ನೀರಿನ ಅಡಿಯಲ್ಲೇ ಜಾರಿ ಪೈಪುಗಳನ್ನು ಎಳೆದೊಯ್ಯುವುದೂ ಅಲ್ಲಿ ಗೊತ್ತಿರುವ ಸಂಗತಿ. 2004ರ ಐವಾನ್ ಚಂಡಮಾರುತ ಅದನ್ನು ದೊಡ್ಡದಾಗಿ ತೋರಿಸಿಕೊಟ್ಟಿತ್ತು.

ಮತ್ತೆ ನದಿಗೆ ಬರೋಣ. ಮಾಂಟಾನಾ ರಾಜ್ಯದ ಲಾರೆಲ್ ಎಂಬ ಸಣ್ಣ ಊರು, ಯೆಲ್ಲೋಸ್ಟೋನ್ ನದಿಯ ದಡ. ಎಕ್ಸಾನ್‌ಮೊಬಿಲ್‌ನ 12 ಇಂಚಿನ ಸಿಲ್ವರ್‌ಟಿಪ್ ಪೈಪು ಅಲ್ಲಿ ನದಿ ದಾಟುತ್ತಿತ್ತು. 2011ರ ಮೇ ತಿಂಗಳಲ್ಲಿ ನದಿ ದಡ ಕೊರೆಯುತ್ತಿರುವುದನ್ನು ನೋಡಿ ಊರಿನ ಅಧಿಕಾರಿಗಳು ಆತಂಕಪಟ್ಟರು, ಕಂಪನಿಗೆ ಹೇಳಿದರು. ಕಂಪನಿ ಒಂದು ದಿನ ಪೈಪು ನಿಲ್ಲಿಸಿತು, ಪರಿಶೀಲಿಸಿತು, ಮತ್ತೆ ಶುರು ಮಾಡಿತು. ಜುಲೈ 1ರ ರಾತ್ರಿ ಪೈಪು ಒಡೆಯಿತು. ನೆರೆ ತಳವನ್ನು ಕೊರೆದು ಪೈಪನ್ನು ಬಯಲು ಮಾಡಿತ್ತು. ತೇಲಿ ಬಂದ ಮರ, ಕೊಂಬೆ, ಕಸ ಅದಕ್ಕೆ ಸಿಕ್ಕಿಕೊಂಡಿತ್ತು. ಹಾಗೆ ಸಿಕ್ಕ ಕಸದ ರಾಶಿ ನೀರಿಗೆ ಅಡ್ಡ ಕಟ್ಟಿದ ಒಡ್ಡಿನಂತೆ. ನೀರಿನ ಪೂರ್ತಿ ಭಾರ ಪೈಪಿನ ಮೇಲೆ ಬೀಳುತ್ತದೆ. ಪಂಪುಗಳು ಕೆಲವೇ ನಿಮಿಷಗಳಲ್ಲಿ ನಿಂತವು. ಆದರೆ ನದಿಗೆ ಹತ್ತಿರದ ವಾಲ್ವ್ ಮುಚ್ಚಲು ಮುಕ್ಕಾಲು ಗಂಟೆಗೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಸುಮಾರು 1,500 ಬ್ಯಾರೆಲ್ ಕಚ್ಚಾ ತೈಲ ನದಿಗೆ ಇಳಿದಿತ್ತು. ಆಮೇಲೆ ಕಂಪನಿ ನದಿಯ ತಳದ ಹತ್ತಾರು ಅಡಿ ಕೆಳಗೆ ಅಡ್ಡಲಾಗಿ ಸುರಂಗದಂತೆ ಕೊರೆದು ಹೊಸ ಪೈಪು ಎಳೆಯಿತು. ಈಗ ದೊಡ್ಡ ನದಿಗಳಿಗೆ ಇದೇ ಒಳ್ಳೆಯ ದಾರಿ ಎಂದು ಒಪ್ಪಿಕೊಂಡಿದ್ದಾರೆ. ಖರ್ಚು ಜಾಸ್ತಿ, ಆದರೆ ನದಿ ಅಷ್ಟು ಆಳಕ್ಕೆ ಕೈ ಹಾಕುವುದು ಕಷ್ಟ.

ಅದೇ ನದಿ, ನಾಲ್ಕೇ ವರ್ಷ. 2015ರ ಜನವರಿ 17ರಂದು, ಗ್ಲೆಂಡೈವ್ ಎಂಬ ಊರಿನ ಮೇಲ್ಭಾಗದಲ್ಲಿ ಇನ್ನೊಂದು ಕಂಪನಿಯ ಪಾಪ್ಲರ್ ಪೈಪು ಒಡೆಯಿತು. ಆಗ ನದಿ ಮಂಜುಗಡ್ಡೆಯಾಗಿತ್ತು. ಒಂದು ಲಕ್ಷ ಲೀಟರಿಗೂ ಜಾಸ್ತಿ ಕಚ್ಚಾ ತೈಲ ಮಂಜಿನ ಅಡಿಯಲ್ಲಿ, ಕಣ್ಣಿಗೆ ಕಾಣದ ಹಾಗೆ ಹರಿದುಹೋಯಿತು. ಊರಿನವರು ಮನೆಯ ನಲ್ಲಿ ತಿರುಗಿಸಿದರೆ ಡೀಸೆಲ್ ವಾಸನೆ. ಪರೀಕ್ಷೆ ಮಾಡಿದಾಗ ಕುಡಿಯುವ ನೀರಿನಲ್ಲಿ ಬೆಂಜೀನ್ ಸಿಕ್ಕಿತು. ಅದು ಕ್ಯಾನ್ಸರ್ ತರುವ ರಾಸಾಯನಿಕ. ಸುಮಾರು 6,000 ಜನ ಕುಡಿಯಲು, ಅಡುಗೆಗೆ ಲಾರಿಯಲ್ಲಿ ಬಂದ ಬಾಟಲಿ ನೀರನ್ನು ನೆಚ್ಚಿಕೊಂಡು ಕೂತರು.

ಈ ಊರಿನ ಕಥೆ ಮುಖ್ಯವಾಗುವುದು ಇನ್ನೊಂದು ಕಾರಣಕ್ಕೆ. ಹಡಗು ಓಡುವಂಥ ನದಿಗಳ ದಾಟುವಿಕೆಯನ್ನು ಐದು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು ಎಂಬುದು ನಿಯಮ. 2011ರಲ್ಲಿ ಅಳತೆ ಮಾಡಿದಾಗ ಪಾಪ್ಲರ್ ಪೈಪು ತಳದಿಂದ ಸುಮಾರು 8 ಅಡಿ ಕೆಳಗಿತ್ತು. ಸೋರಿಕೆ ಆದ ಮೇಲೆ ನೋಡಿದರೆ ಸುಮಾರು 100 ಅಡಿ ಉದ್ದದಷ್ಟು ಪೈಪು ಬಯಲಾಗಿತ್ತು. ಅಂದರೆ ಐದು ವರ್ಷದ ಗಡುವು ಮುಗಿದೇ ಇರಲಿಲ್ಲ. ಕಾಗದದ ಮೇಲೆ ಎಲ್ಲ ಸರಿ ಇತ್ತು. ನಲ್ಲಿಯಲ್ಲಿ ಎಣ್ಣೆ ಬಂತು.

ಪೈಪ್‌ಲೈನ್ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಕೇಂದ್ರ ಸಂಸ್ಥೆ, ಫಿಮ್ಸಾ ಎಂದು ಕರೆಯುತ್ತಾರೆ, ಇಷ್ಟು ವರ್ಷ ಸುಮ್ಮನಿರಲಿಲ್ಲ. 2011, 2013, 2015, 2016, 2019ರಲ್ಲಿ ನೆರೆಯ ಬಗ್ಗೆ ಎಚ್ಚರಿಕೆ ಪತ್ರ ಹೊರಡಿಸಿತು. ಚಂಡಮಾರುತಕ್ಕೂ ಬೇರೆ ಪತ್ರಗಳಿದ್ದವು. ಆದರೆ ಇವೆಲ್ಲ ಸಲಹೆ. ಕೇಳದಿದ್ದರೆ ದಂಡ ಹಾಕುವ ಕಾನೂನಲ್ಲ. ಕಾನೂನು ಬಂದದ್ದು 2019ರ ಅಕ್ಟೋಬರ್‌ನಲ್ಲಿ, ಜಾರಿಯಾದದ್ದು 2020ರ ಜುಲೈ 1ರಿಂದ. ಹೆಸರಿಟ್ಟ ಚಂಡಮಾರುತ, ದಡ ಮೀರಿದ ನೆರೆ, ಭೂಕುಸಿತ, ಭೂಕಂಪ ಇಂಥದ್ದು ಆದರೆ, ಆ ಜಾಗಕ್ಕೆ ಸುರಕ್ಷಿತವಾಗಿ ಹೋಗಬಹುದು ಎನಿಸಿದ 72 ಗಂಟೆಯೊಳಗೆ ಎಣ್ಣೆ ಪೈಪಿನ ಪರೀಕ್ಷೆ ಶುರು ಮಾಡಲೇಬೇಕು. ಗ್ಯಾಸ್ ಪೈಪುಗಳಿಗೆ ಇಂಥದೇ ನಿಯಮ 2022ರಲ್ಲಿ ಬಂದು, 2023ರ ಮೇನಿಂದ ಜಾರಿಯಾಯಿತು. ಸ್ಯಾನ್ ಜಸಿಂಟೊ ಹೊತ್ತಿ ಉರಿದು ಅಷ್ಟೊತ್ತಿಗೆ 28 ವರ್ಷ ದಾಟಿತ್ತು.

ಊರೊಳಗಿನ ಗ್ಯಾಸ್ ಪೈಪುಗಳ ಕಷ್ಟ ಬೇರೆ. ಬಿರುಗಾಳಿಗೆ ದೊಡ್ಡ ಮರ ಬುಡಸಮೇತ ಮಗುಚಿದಾಗ ಬೇರುಗಳ ಜತೆ ಮನೆಗೆ ಹೋಗುವ ಸಣ್ಣ ಗ್ಯಾಸ್ ಪೈಪೂ ಎದ್ದು ಬರುತ್ತದೆ. ಗ್ಯಾಸಿನ ಒತ್ತಡ ಹಿಡಿದಿಡುವ ರೆಗ್ಯುಲೇಟರಿಗೆ ಉಸಿರಾಡಲು ಒಂದು ಸಣ್ಣ ತೂತು ಇರುತ್ತದೆ. ಅದು ನೀರಲ್ಲಿ ಮುಳುಗಿದರೆ ಒತ್ತಡ ಹಿಡಿತ ತಪ್ಪಬಹುದು. ನೀರು ಇಳಿದ ಮೇಲೆ ಇನ್ನೊಂದು ಗಂಡಾಂತರ: ಬಿದ್ದ ಮನೆ, ಮರದ ರಾಶಿ ಎತ್ತಲು ಜೆಸಿಬಿ ಬರುತ್ತದೆ. ಕಸದ ಅಡಿಯಲ್ಲಿರುವ ಗ್ಯಾಸ್ ಮೀಟರ್ ಅದರ ಹಲ್ಲಿಗೆ ಸಿಗುತ್ತದೆ. ಇಲ್ಲಿ ಪೈಪು ಇದೆ ಎಂದು ತೋರಿಸುವ ಎಚ್ಚರಿಕೆಯ ಕಂಬಗಳಂತೂ ನೆರೆಯಲ್ಲೇ ಕೊಚ್ಚಿಹೋಗಿರುತ್ತವೆ.

ಅಂಥ ಕಂಬಗಳನ್ನು ನಾವೂ ನೋಡಿದ್ದೇವೆ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ತರುವ ಪೈಪು 2003ರಿಂದ ಘಟ್ಟ ಹತ್ತಿ ಬರುತ್ತಿದೆ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಗ್ಯಾಸ್ ಪೈಪು 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅದರ ಕೆಲಸ ಕೊನೆಗೆ ತಡವಾದದ್ದು ಕಾಸರಗೋಡಿನ ಚಂದ್ರಗಿರಿ ಹೊಳೆ ದಾಟುವಲ್ಲೇ. ಘಟ್ಟದಲ್ಲಿ ಮಳೆಗಾಲಕ್ಕೆ ಗುಡ್ಡ ಜಾರಿ ರಸ್ತೆ ಮುಚ್ಚುವ ಸುದ್ದಿ ಓದಿದಾಗ ನನಗೆ ಈಗ ರಸ್ತೆಯ ಜತೆಗೆ ಪೈಪೂ ನೆನಪಾಗುತ್ತದೆ.

72 ಗಂಟೆಯ ನಿಯಮ ದೊಡ್ಡ ಹೆಜ್ಜೆ, ಅನುಮಾನವಿಲ್ಲ. 2021ರಲ್ಲಿ ಐಡಾ ಚಂಡಮಾರುತ ಹೋದ ಮೇಲೆ ಲೂಸಿಯಾನಾದ ಪೋರ್ಟ್ ಫೋರ್ಶಾನ್ ಎದುರಿನ ಸಮುದ್ರದಲ್ಲಿ ಎಣ್ಣೆಯ ಪಸೆ ಕಂಡಿತು. ಮುಳುಗುಗಾರರು ಇಳಿದು ನೋಡಿದಾಗ ಒಂದು ಅಡಿ ದಪ್ಪದ ಪೈಪು ತಳದಲ್ಲಿ ತೋಡಿದ್ದ ತನ್ನ ಕಂದಕದಿಂದ ಎದ್ದು ಬೇರೆ ಕಡೆ ಬಿದ್ದಿತ್ತು. ಇಳಿದು ನೋಡಿದ್ದಕ್ಕೆ ಗೊತ್ತಾಯಿತು. ಆದರೆ ಆ 72 ಗಂಟೆಯ ಗಡಿಯಾರ ಶುರುವಾಗುವುದು ನೀರು ಇಳಿದ ಮೇಲೆ. ಸ್ಯಾನ್ ಜಸಿಂಟೊದಲ್ಲಿ ಪೈಪು ಒಡೆದದ್ದು ನೀರು ಏರಿ ನಿಂತಿದ್ದಾಗ, ಒಳಗೆ ಪೆಟ್ರೋಲ್ ಓಡುತ್ತಿದ್ದಾಗ. ಆ ಹೊತ್ತಿನಲ್ಲಿ ಪಂಪು ನಿಲ್ಲಿಸುವ ಮಾತು ಇವತ್ತಿಗೂ ಆಯಾ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಕೂತವರ ಕೈಯಲ್ಲೇ ಇದೆ.