ಕೃತಕ ಕಾರ್ನಿಯಾ: ಓಲೆ, ತಿರುಪು ಮತ್ತು ಹದಿನಾರು ತೂತು

ಕಾರ್ನಿಯಾ ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಹೊದಿಕೆ. ಅದರ ಪದರಗಳು ನಿಮಗೆಲ್ಲ ಬಾಯಿಪಾಠ ಇರುತ್ತವೆ, ಅದನ್ನು ಬಿಡುತ್ತೇನೆ. ಒಂದು ಮಾತ್ರ ನೆನಪಿರಲಿ, ಇದು ಪೊರೆಯ ಕಥೆ ಅಲ್ಲ. ಪೊರೆ ಬರುವುದು ಒಳಗಿನ ಲೆನ್ಸಿಗೆ. ಊರಲ್ಲಿ ಅಜ್ಜಿಯಂದಿರು "ಕಣ್ಣಲ್ಲಿ ಹೂ ಬಿದ್ದಿದೆ" ಅನ್ನುತ್ತಾರಲ್ಲ, ಎದುರಿಗೇ ಕಾಣುವ ಆ ಬಿಳಿ ಕಲೆ ಕಾರ್ನಿಯಾದ್ದು.

ಅದಕ್ಕೆ ಸಾಮಾನ್ಯವಾಗಿ ದಾನಿಯ ಕಾರ್ನಿಯಾ ಕಸಿ ಮಾಡುತ್ತಾರೆ. ಕಸಿ ಮತ್ತೆ ಮತ್ತೆ ಸೋತವರಿಗೆ, ಸುಣ್ಣವೋ ಆಸಿಡ್ಡೋ ಬಿದ್ದು ಸುಟ್ಟ ಕೆಲವು ಕಣ್ಣುಗಳಿಗೆ ಕೃತಕ ಕಾರ್ನಿಯಾ. ನಮಗೆ ಮುಖ್ಯವಾದದ್ದು ಬಾಸ್ಟನ್ ಕೆಪ್ರೋ ಟೈಪ್ 1 (ಕೆಪ್ರೋ ಅಂದರೆ ಕೆರಾಟೋಪ್ರಾಸ್ಥೆಸಿಸ್, ಕೃತಕ ಕಾರ್ನಿಯಾ). ಕಣ್ಣಿನ ವೈದ್ಯ ಕ್ಲಾಸ್ ಡೋಲ್ಮನ್ ರೂಪಿಸಿದ್ದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1992ರಲ್ಲಿ ಒಪ್ಪಿಗೆ ಕೊಟ್ಟಿತು. ಇದೇ ಮಾದರಿಯ ಕಡಿಮೆ ಬೆಲೆಯ ಆರೋ ಕೆಪ್ರೋವನ್ನು ಮದುರೈನ ಅರೋಲ್ಯಾಬ್ ಮಾಡುತ್ತದೆ.

ಇದಕ್ಕೂ ದಾನಿಯ ಕಾರ್ನಿಯಾ ಯಾಕೆ?

ನಾನು ಎಡವಿದ್ದು ಇಲ್ಲೇ. ಹೆಸರೇ "ಕೃತಕ" ಅಂತ ಇದೆ, ಹಾಗಾಗಿ ಇಂಟರ್ನಲ್ ಪರೀಕ್ಷೆಯಲ್ಲಿ "ದಾನಿಯ ಅಗತ್ಯವಿಲ್ಲ" ಅಂತ ಧೈರ್ಯವಾಗಿ ಬರೆದೆ. ಎರಡು ಮಾರ್ಕ್ಸ್ ಹೋಯಿತು.

ಪಿಎಂಎಂಎ ಅನ್ನುವ ಪ್ಲಾಸ್ಟಿಕ್ಕನ್ನು ನೇರವಾಗಿ ಕಣ್ಣಿಗೆ ಹೊಲಿಯಲು ಆಗುವುದಿಲ್ಲ, ಅದು ಮಾಂಸದ ಜೊತೆ ಕೂಡಿಕೊಳ್ಳುವುದೂ ಇಲ್ಲ. ಅಕ್ಕ ಓಲೆ ಹಾಕಿಕೊಳ್ಳುವುದನ್ನು ನೋಡುವಾಗ ನನಗೆ ಹೊಳೆಯಿತು. ಓಲೆಯ ಮುಖ ಮುಂದೆ, ಕಡ್ಡಿ ಕಿವಿಯ ತೂತಿನಲ್ಲಿ, ಹಿಂದೆ ತಿರುಪು. ಕೆಪ್ರೋದಲ್ಲೂ ಮುಂದಿನ ಪ್ಲೇಟು, ಅದರ ಕಡ್ಡಿ, ಹಿಂದಿನ ಪ್ಲೇಟು. ಕಿವಿಯ ಹಾಲೆಯ ಜಾಗದಲ್ಲಿ ಇರುವುದೇ ದಾನಿಯ ಕಾರ್ನಿಯಾ, ನಡುವೆ 3 ಮಿ.ಮೀ. ತೂತು ಹೊಡೆದದ್ದು. ಅದರ ಅಂಚನ್ನು ರೋಗಿಯ ಕಣ್ಣಿಗೆ ಹೊಲಿಯುತ್ತಾರೆ. ಮೊದಲು ತಿರುಪಿನ ಹಾಗೇ ತಿರುಗಿಸಿ ಕೂರಿಸುವ ಮರೆ (ಸುರುಳಿ ಗೆರೆ) ಇತ್ತಂತೆ, ಈಗ ಟೈಟಾನಿಯಂ ರಿಂಗು "ಟಕ್" ಅಂತ ಕೂರುತ್ತದೆ.

ನೋಟ ಹಾಯುವುದು ಕಡ್ಡಿಯ ಮೂಲಕ. ಸುತ್ತಲಿನ ದಾನಿಯ ಭಾಗ ಮಬ್ಬಾದರೂ ದೃಷ್ಟಿಗೆ ಏನೂ ಆಗುವುದಿಲ್ಲ. ಹಾಗಿದ್ದರೆ ಅದು ಸತ್ತರೂ ನಡೆಯುತ್ತದಾ ಅಂತ ಕೇಳಬಹುದು, ನಾನೂ ಕೇಳಿದೆ. ಇಲ್ಲ, ನಡೆಯುವುದಿಲ್ಲ. ಕಿವಿಯ ಹಾಲೆಗೆ ರಕ್ತ ಬರುತ್ತದೆ, ಕಾರ್ನಿಯಾದಲ್ಲಿ ರಕ್ತನಾಳವೇ ಇಲ್ಲ. ಆಮ್ಲಜನಕ ಮುಂದೆ ಕಣ್ಣೀರಿನಿಂದ, ಗ್ಲೂಕೋಸ್ ಹಿಂದೆ ಕಣ್ಣಿನೊಳಗಿನ ಆಕ್ವಿಯಸ್ ದ್ರವದಿಂದ. ಹಿಂದಿನ ಪ್ಲೇಟು ಆ ಊಟದ ಬಾಗಿಲನ್ನೇ ಮುಚ್ಚಿಬಿಟ್ಟರೆ ಕಡ್ಡಿಯ ಸುತ್ತ ಮಾಂಸ ಕರಗುತ್ತದೆ, ಸೋರಿಕೆ ಶುರು, ಸೋಂಕು ಒಳಗೆ. ಅದಕ್ಕೇ ಪ್ಲೇಟಿನಲ್ಲಿ ತೂತುಗಳು: 8.5 ಮಿ.ಮೀ. ಪ್ಲೇಟಿಗೆ 16, 7 ಮಿ.ಮೀ. ಪ್ಲೇಟಿಗೆ 8. ಚಿತ್ರದಲ್ಲಿ ನೋಡಿ ನಾನು ಇವು ಹೊಲಿಗೆ ಹಾಕುವ ತೂತು ಅಂದುಕೊಂಡಿದ್ದೆ, ಅಂಗಿ ಗುಂಡಿಯ ಥರ! ಅಲ್ಲವೇ ಅಲ್ಲ, ಊಟ ಒಳಗೆ ಬರಲು.

ಉಳಿದದ್ದು ಚುಟುಕಾಗಿ

ಜೋಡಣೆ ಮೊದಲು, ರೋಗಿಯ ಕಾರ್ನಿಯಾ ಕತ್ತರಿಸುವುದು ಆಮೇಲೆ. ಕಣ್ಣು ತೆರೆದಿಟ್ಟುಕೊಂಡು ರಿಂಗು ಹುಡುಕುತ್ತಾ ಕೂರುವ ಹಾಗಿಲ್ಲ ಅಲ್ವಾ. ರೋಗಿಯ ಸ್ವಂತ ಲೆನ್ಸ್ ಇದ್ದರೆ ಅದನ್ನೂ ತೆಗೆಯುತ್ತಾರೆ. ಕೊನೆಗೆ ಮೇಲೊಂದು ಮೆತ್ತನೆ ಕಾಂಟ್ಯಾಕ್ಟ್ ಲೆನ್ಸ್, ಒಣಗದಿರಲಿ ಅಂತ. ಆಂಟಿಬಯಾಟಿಕ್ ಹನಿ ಬದುಕಿರುವವರೆಗೂ.

ತೀರಾ ಒಣಗಿದ ಕಣ್ಣಿಗೆ, ಉದಾಹರಣೆಗೆ ಸ್ಟೀವನ್ಸ್ ಜಾನ್ಸನ್ (ಚರ್ಮ, ಕಣ್ಣು, ಬಾಯಿಯ ಮೇಲ್ಪದರ ಸುಲಿಯುವ ತೀವ್ರ ಕಾಯಿಲೆ) ಆದವರಿಗೆ, ಟೈಪ್ 1 ಜಾಸ್ತಿ ದಿನ ಬಾಳುವುದಿಲ್ಲ. ಅವರದೇ ಕೋರೆಹಲ್ಲನ್ನು ಬೇರಿನ ಮೂಳೆ ಸಮೇತ ತೆಗೆದು, ಕೊರೆದು, ಅದರಲ್ಲಿ ಪ್ಲಾಸ್ಟಿಕ್ ಕೊಳವೆ ಕೂರಿಸುವ ವಿಧಾನ ಇದೆ. ಇಟಲಿಯ ಸ್ಟ್ರಾಂಪೆಲ್ಲಿ 1960ರ ದಶಕದಲ್ಲಿ ಶುರು ಮಾಡಿದ್ದು, ಚೆನ್ನೈನ ಶಂಕರ ನೇತ್ರಾಲಯದಲ್ಲೂ ಮಾಡಿದ್ದಾರೆ. ಹಲ್ಲೇ ಹಾಲೆ ಅಂದುಕೊಳ್ಳಿ.

ದೊಡ್ಡ ತಲೆನೋವು ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡ ಏರಿ ನರ ಹಾಳಾಗುವುದು. ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಮಾಮೂಲಿ ಟೋನೋಮೀಟರ್ ಒತ್ತಡ ತೋರಿಸುವುದಿಲ್ಲ, ರೆಪ್ಪೆಯ ಮೇಲೆ ಎರಡು ತೋರುಬೆರಳು ಇಟ್ಟು ಅಂದಾಜು ಮಾಡಬೇಕು. ನಿನ್ನೆ ನನ್ನ ಕಣ್ಣು ಒತ್ತಿಕೊಂಡು ನೋಡಿದೆ, ಆಮೇಲೆ ರೂಮ್‌ಮೇಟ್‌ದೂ ನೋಡಿದೆ. ನನ್ನ ಬೆರಳಿಗೆ ಎರಡೂ ಒಂದೇ ಥರ ಅನ್ನಿಸಿತು.